ಅಕ್ಕಿಪೇಟೆಯ ಕಂಬದ ಮನೆಗಳು

ಬೆಂಗಳೂರು ಪೇಟೆಯು 1537ನೆಯ ಇಸವಿಯಲ್ಲಿ ಕೆಂಪೇಗೌಡರಿಂದ ಸ್ಥಾಪಿತವಾಯಿತೆಂಬುದು ಭಕ್ತಮಹಾಶಯರೆಲ್ಲರಿಗೂ ವಿದಿತವೇ ಸರಿ. ಆದರೆ ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆಗಳೆಂದು ಸರಕಿನ ಹೆಸರಿನಿಂದಲೇ ಪ್ರಸಿದ್ಧವಾದ ಬೀದಿಗಳ ಚರಿತ್ರೆಯನ್ನು ಬರೆಯುವವರು ದೊರೆಗಳ ಯುದ್ಧಗಳನ್ನು ವಿಸ್ತರಿಸುವರೇ ಹೊರತು ಮನೆಗಳ ಕಂಬಗಳತ್ತ ಕಣ್ಣೆತ್ತಿ ನೋಡರು. ಇದು ಉಚಿತವಲ್ಲವೆಂದು ನಮ್ಮ ಅಭಿಪ್ರಾಯ.

ಹಳೆಯ ತೊಟ್ಟಿಮನೆಯಲ್ಲಿ ಹೊರಗೋಡೆಗಳು ಮಣ್ಣಿನವಾಗಿ ದಪ್ಪನಾಗಿದ್ದರೂ ಒಳಗಣ ಭಾರವನ್ನು ಹೊರುವುದು ಮರವೇ. ನೆಲದ ತೇವವೂ ಗೆದ್ದಲೂ ತಾಗದಂತೆ ಕಲ್ಲಿನ ಪೀಠ, ಅದರ ಮೇಲೆ ಕಂಬ, ಕಂಬದ ತಲೆಗೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತೆ. ಆದಕಾರಣ ಕಂಬಗಳ ನಡುವೆ ಗೋಡೆಯನ್ನೆಬ್ಬಿಸಿದರೂ ಕೆಡವಿದರೂ ಛಾವಣಿಗೆ ಬಾಧೆಯಿಲ್ಲ. ಅಣ್ಣತಮ್ಮಂದಿರು ಭಾಗವಾದರೆ ತೊಟ್ಟಿಯ ನಡುವೆಯೇ ಗೋಡೆಯೇಳುವುದು. ವ್ಯಾಪಾರ ಹೆಚ್ಚಿದರೆ ಜಗಲಿಗೆ ಹಲಗೆಬಾಗಿಲು ಬಂದು ಅಂಗಡಿಯಾಗುವುದು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದ ತರುವಾಯ ನಾಡಹೆಂಚಿನ ಸ್ಥಾನಕ್ಕೆ ಮಂಗಳೂರು ಹೆಂಚು ಬಂದಿತು. 1898ರ ಪ್ಲೇಗಿನ ಬಳಿಕ ಅನುಕೂಲಸ್ಥರು ಕೆಲವರು ಬಸವನಗುಡಿ, ಮಲ್ಲೇಶ್ವರಗಳಿಗೆ ತೆರಳಿದರು. ಮನೆಯವರು ಬದಲಾದರೂ ಕಂಬಗಳು ನಿಂತೇ ಇದ್ದುವು.

ಅಕ್ಕಿಪೇಟೆಗೆ ಅನತಿದೂರದಲ್ಲಿ, ಕೋಟೆ ವೆಂಕಟರಮಣ ದೇವಾಲಯದ ಮಗ್ಗುಲಲ್ಲಿರುವ ಅರಮನೆಯು ಇದಕ್ಕೆ ಸರ್ವರೂ ನೋಡಬಹುದಾದ ದೃಷ್ಟಾಂತವು. ಹೈದರಾಲಿಯು 1781ರಲ್ಲಿ ತೊಡಗಿಸಿ ಟಿಪ್ಪುಸುಲ್ತಾನನು 1791ರಲ್ಲಿ ಪೂರೈಸಿದ ಆ ತೇಗದ ಕಂಬಗಳ ಸೌಧವು 1831ರಿಂದ 1868ರವರೆಗೆ ಸರ್ಕಾರದ ಕಛೇರಿಯಾಗಿದ್ದಿತು. ಕಛೇರಿಯು ಅಠಾರಾ ಕಛೇರಿಗೆ ಹೋಯಿತು. ಸುಲ್ತಾನನ ದರ್ಬಾರನ್ನೂ ಗುಮಾಸ್ತರ ಮೇಜುಗಳನ್ನೂ ಕಂಡ ಕಂಬಗಳು ಅಲ್ಲಿಯೇ ಉಳಿದುವು.

ಇಂಥ ಮನೆಯ ವಯಸ್ಸನ್ನು ತಿಳಿಯಬೇಕಾದರೆ ಕಾಗದಪತ್ರಗಳಿಗಿಂತ ಮರವನ್ನೇ ನಂಬಬೇಕು. ಕಂಬದಲ್ಲಿ ಬರಿದಾದ ಕುಳಿ ಕಂಡರೆ ಅಲ್ಲಿ ಹಿಂದೆ ಅಟ್ಟದ ತೊಲೆ ಕೂಡಿದ್ದಿತೆಂದು ಊಹಿಸಬಹುದು. ಕೆತ್ತನೆಯ ಬೋದಿಗೆ ಅರ್ಧ ಗೋಡೆಯಲ್ಲಿ ಹುದುಗಿದ್ದರೆ ಗೋಡೆಯು ಈಚಿನದು. ಮುಚ್ಚಿಹೋಗಲೆಂದು ಹೂವನ್ನು ಕೆತ್ತುವ ಬಡಗಿಯುಂಟೆ? (ಅದರ ಮೇಲೆ ಪದರ ಪದರವಾಗಿ ಹಸಿರು ಬಣ್ಣ ಬಳಿಯುವವರು ಮಾತ್ರ ಬೇಕಾದಷ್ಟುಂಟು.)

ಈಗ ಸಿಮೆಂಟಿನ ಮಾಳಿಗೆಗಾಗಿ ಹಳೆಯ ಮನೆಗಳನ್ನು ಇಳಿಸಿ, ಕಂಬಗಳನ್ನು ಬಿಡಿಬಿಡಿಯಾಗಿ ಮಾರುತ್ತಿರುವರು. ಬಿಡಿಯಾದ ಕಂಬದ ಕುಳಿಯು ತನ್ನ ತೊಲೆಯನ್ನು ಹೇಳಲಾರದು. ಮನೆಯನ್ನು ಕೆಡವಲೇಬೇಕಾದ ಭಕ್ತರು, ಹೆಂಚಿಳಿಸುವುದಕ್ಕೆ ಮೊದಲು, ಕಂಬ ತೊಲೆ ಕುಳಿಗಳ ಸ್ಥಾನವನ್ನೂ ಅಳತೆಯನ್ನೂ ಬಡಗಿಯಿಂದ ಬರೆಯಿಸಿ ಮನೆಯ ಪತ್ರಗಳೊಡನೆ ಇರಿಸಬೇಕೆಂದು ಪ್ರಾರ್ಥನೆ.