ಖಂಭಾತಿಗೊಂದು ಲೆಕ್ಕ, ಮನ್ನಾರಿಗೊಂದು: ಕಡಲ ಗಾಳಿ ಮತ್ತು ಪ್ರವಾಹಗಳ ದೀರ್ಘಾವಧಿ ಅಂದಾಜು

2017ರ ನವೆಂಬರಿನಲ್ಲಿ ಚೆನ್ನೈನ ರಾಷ್ಟ್ರೀಯ ಪವನ ಶಕ್ತಿ ಸಂಸ್ಥೆ ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ ಗಾಳಿ ಅಳೆಯುವ ಲಿಡಾರ್ ಯಂತ್ರವೊಂದನ್ನು ಕೂರಿಸಿತು. ಪಿಪಾವಾವ್ ಬಂದರಿನಿಂದ ಸುಮಾರು 23 ಕಿ.ಮೀ. ದೂರ, ಕಡಲ ತಳಕ್ಕೆ ಹೊಡೆದ ಒಂಟಿ ಉಕ್ಕಿನ ಕಂಬ, ಅದರ ಮೇಲೊಂದು ಅಟ್ಟಣೆ. ಲಿಡಾರ್ ಆಕಾಶದತ್ತ ಲೇಸರ್ ಕಿರಣ ಬಿಡುತ್ತದೆ. ಗಾಳಿಯಲ್ಲಿ ತೇಲುವ ಧೂಳು, ಉಪ್ಪಿನ ಕಣಗಳಿಗೆ ತಾಗಿ ಮರಳುವ ಬೆಳಕಿನ ಆವರ್ತನ ಎಷ್ಟು ಬದಲಾಗಿದೆ ಎಂಬುದರಿಂದ ಗಾಳಿಯ ವೇಗ ಸಿಗುತ್ತದೆ. ಮೊದಲ ವರ್ಷ ಸುಮಾರು 100 ಮೀಟರ್ ಎತ್ತರದಲ್ಲಿ ಸಿಕ್ಕ ಸರಾಸರಿ, ಸೆಕೆಂಡಿಗೆ ಹೆಚ್ಚುಕಡಿಮೆ 7.5 ಮೀಟರ್.

ಈ ಅಂಕಿಯನ್ನು ಎಷ್ಟು ನಂಬಬಹುದು? ಗಾಳಿಯಲ್ಲಿರುವ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ವೇಗ 7.5ರಿಂದ 8ಕ್ಕೆ ಹೋದರೆ ಶಕ್ತಿ ಶೇ. 21ರಷ್ಟು ಹೆಚ್ಚು. ಅರ್ಧ ಮೀಟರಿನ ತಪ್ಪು ಸಾಕು, ಕಡಲ ಪವನ ವಿದ್ಯುತ್ ಯೋಜನೆಯ ಹಣಕಾಸು ತಲೆಕೆಳಗಾಗಲು. ಟರ್ಬೈನು ಕಾಲು ಶತಮಾನ ತಿರುಗಬೇಕು. ಮುಂಗಾರು ಮಾತ್ರ ಒಂದು ವರ್ಷ ಇದ್ದಂತೆ ಇನ್ನೊಂದು ವರ್ಷ ಇರುವುದಿಲ್ಲ.

ಹಾಗಾಗಿ ತಜ್ಞರು ಸ್ಥಳದ ಅಲ್ಪಾವಧಿ ಅಳತೆಯನ್ನು ಹಳೆಯ ದಾಖಲೆಯೊಂದಕ್ಕೆ ಜೋಡಿಸಿ ಇಡೀ ಅವಧಿಯನ್ನು ಅಂದಾಜು ಮಾಡುತ್ತಾರೆ. ಯುರೋಪಿನ ಹವಾಮಾನ ಕೇಂದ್ರದ ಇಆರ್‌ಎ5 ಮರುವಿಶ್ಲೇಷಣೆ 1940ರಿಂದ ಇಲ್ಲಿಯವರೆಗೆ ಗಂಟೆಗಂಟೆಯ ಗಾಳಿಯನ್ನು ಕೊಡುತ್ತದೆ. ಆದರೆ ಅದರ ಒಂದೊಂದು ಚೌಕ ಸುಮಾರು 31 ಕಿ.ಮೀ. ಅಗಲ. ದೀರ್ಘಕಾಲದ ಸರಾಸರಿಗೆ ಅದು ಒಳ್ಳೆಯ ಆಸರೆ. ಚಂಡಮಾರುತದ ಕಣ್ಣಿನ ಸುತ್ತಲಿನ ಬಿರುಸು ಮಾತ್ರ ಆ ಜಾಲರಿಯಲ್ಲಿ ಮೆತ್ತಗಾಗಿಬಿಡುತ್ತದೆ. 2021ರ ಮೇ 17ರಂದು ತೌಕ್ತೆ ಚಂಡಮಾರುತ ದಡಕ್ಕೆ ಅಪ್ಪಳಿಸಿದ್ದು ದೀವ್–ಉನಾ ಭಾಗದಲ್ಲಿ, ಅಂದರೆ ಪಿಪಾವಾವ್‌ನ ನೆರೆಯಲ್ಲೇ. ಐವತ್ತು ವರ್ಷಕ್ಕೊಮ್ಮೆ ಬರಬಹುದಾದ ಗಾಳಿಯನ್ನು ಲೆಕ್ಕ ಹಾಕುವವರು ಮರುವಿಶ್ಲೇಷಣೆಯೊಂದನ್ನೇ ನೆಚ್ಚಿ ಕೂರುವಂತಿಲ್ಲ.

ನೀರಿನ ಕಥೆ ಬೇರೆ. ಖಂಭಾತ್ ಕೊಲ್ಲಿಯ ಭಾವನಗರದಲ್ಲಿ ಹುಣ್ಣಿಮೆ–ಅಮಾವಾಸ್ಯೆಯ ಉಬ್ಬರ ಇಳಿತಗಳ ನಡುವಿನ ಅಂತರ 10 ಮೀಟರಿನ ಆಸುಪಾಸು. ನೀರು ಇಳಿದಾಗಲೂ ಹಡಗು ತೇಲುತ್ತಿರಲೆಂದು ಅಲ್ಲಿನ ಬಂದರಿಗೆ ಬಾಗಿಲನ್ನೇ ಕಟ್ಟಿದ್ದಾರೆ. ಇಂಥ ಕಡೆ ಪ್ರವಾಹವೂ ರಭಸದ್ದೇ. ಅದು ಕಂಬದ ಮೇಲೆ ಹಾಕುವ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ ಮೂರು ಪಟ್ಟಾದರೆ ಒತ್ತಡ ಒಂಬತ್ತು ಪಟ್ಟು.

ಆದರೂ ಖಂಭಾತಿನ ಪ್ರವಾಹ ಗಾಳಿಯಷ್ಟು ಸತಾಯಿಸುವುದಿಲ್ಲ. ಅದನ್ನು ಹೆಚ್ಚಾಗಿ ಆಳುವವರು ಚಂದ್ರ, ಸೂರ್ಯ. ತಳದಲ್ಲಿಟ್ಟ, ಶಬ್ದತರಂಗದಿಂದ ಪ್ರವಾಹ ಅಳೆಯುವ ಮಾಪಕದಿಂದ ಒಂದು ವರ್ಷ ಅಳೆದರೆ, ಮುಂದಿನ ದಶಕಗಳ ಉಬ್ಬರದ ಪ್ರವಾಹವನ್ನು ಗಣಿತದಿಂದಲೇ ಹೇಳಬಹುದು. ಒಂದೇ ಎಚ್ಚರಿಕೆ: ಚಂದ್ರನ ಕಕ್ಷೆಯ ವಾಲುವಿಕೆಯಿಂದ 18.6 ವರ್ಷಗಳ ಚಕ್ರವೊಂದಿದೆ. ಅಳೆದ ವರ್ಷ ಆ ಚಕ್ರದಲ್ಲಿ ಎಲ್ಲಿ ಬೀಳುತ್ತದೆಂದು ನೋಡಿ ತಿದ್ದಿಕೊಳ್ಳಬೇಕು. ನಿಜವಾದ ತಲೆನೋವು ತಳದ ಮಣ್ಣು. ಪ್ರವಾಹ ಕಂಬದ ಬುಡ ಕೊರೆಯುತ್ತದೆ, ಮರಳ ದಿಬ್ಬಗಳು ಜಾಗ ಬದಲಿಸುತ್ತವೆ.

ತಮಿಳುನಾಡಿನ ಕಡಲಂಚಿನ ಮನ್ನಾರ್ ಕೊಲ್ಲಿಗೆ ಬಂದರೆ ಎಲ್ಲವೂ ತಿರುವುಮುರುವು. ಗಾಳಿ ಖಂಭಾತಿಗಿಂತ ಜೋರು, ಉಬ್ಬರ ಒಂದು ಮೀಟರಿನ ಆಸುಪಾಸು ಅಷ್ಟೇ. ಇಲ್ಲಿ ಪ್ರವಾಹವನ್ನು ತಿರುಗಿಸುವುದು ಮುಖ್ಯವಾಗಿ ಮಾರುತಗಳು, ಪಂಚಾಂಗ ನೋಡಿ ಹೇಳುವಂತಿಲ್ಲ. ಒಂದು ವರ್ಷದ ಪ್ರವಾಹದ ಅಳತೆ ಖಂಭಾತಿಗೆ ಸಾಲಬಹುದು, ಮನ್ನಾರಿಗೆ ಸಾಲದು.

ಸರಾಸರಿಯೊಳಗೆ ಮುಚ್ಚಿಹೋಗುವ ಇನ್ನೊಂದು ಸಂಗತಿ ಋತು. ಪಶ್ಚಿಮ ಕರಾವಳಿಯಲ್ಲಿ ಗಾಳಿ ಬಿರುಸಾಗುವುದು ಮಳೆಗಾಲದಲ್ಲಿ, ಮಲ್ಪೆಯ ಬೋಟುಗಳೂ ಮೀನುಗಾರಿಕೆ ನಿಷೇಧದಿಂದ ದಡ ಸೇರಿರುವಾಗ. ಟರ್ಬೈನು ಕೆಟ್ಟರೆ ರಿಪೇರಿಗೆ ಹೋಗುವ ದೋಣಿಗೆ ಅಲೆ ದಾರಿ ಬಿಡಬೇಕಲ್ಲ! ಗಾಳಿ, ಅಲೆ, ಪ್ರವಾಹಗಳನ್ನು ಒಂದೇ ಗಡಿಯಾರದಲ್ಲಿ ಅಳೆಯದಿದ್ದರೆ ರಿಪೇರಿಗೆ ಕಾದು ಟರ್ಬೈನು ನಿಂತ ದಿನಗಳ ನಷ್ಟ ಲೆಕ್ಕಕ್ಕೇ ಬಾರದು.

2024ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಕಡಲ ಪವನ ವಿದ್ಯುತ್ತಿಗೆ 7,453 ಕೋಟಿ ರೂಪಾಯಿಯ ನೆರವಿನ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಗುಜರಾತ್, ತಮಿಳುನಾಡುಗಳ ಕಡಲಿಗೆ ತಲಾ 500 ಮೆಗಾವಾಟ್. ಹಂಚಿಕೆ ಸಮ, ಕಡಲುಗಳು ಸಮವಲ್ಲ. ಖಂಭಾತಿನಲ್ಲಿ ಪ್ರತಿ ಮಳೆಗಾಲದ ನಂತರ ತಳದ ಮರುಸಮೀಕ್ಷೆ, ಮನ್ನಾರಿನಲ್ಲಿ ಹಲವು ವರ್ಷಗಳ ಪ್ರವಾಹ ಮಾಪನ: ಅಡಿಪಾಯದ ನಕ್ಷೆ ಅಂತಿಮಗೊಳ್ಳುವ ಮೊದಲೇ ಈ ಎರಡೂ ಶುರುವಾಗಬೇಕು.