ಗಿಡುಗನ ಬೆಟ್ಟದ ಲೆಕ್ಕ

ಅಮೆರಿಕದ ಪೆನ್ಸಿಲ್ವೇನಿಯಾದ ಕಿಟಟಿನಿ ಬೆಟ್ಟಸಾಲಿಗೆ ಶರತ್ಕಾಲದಲ್ಲಿ ವಾಯವ್ಯದ ಗಾಳಿ ಬಡಿದು ಮೇಲೇಳುತ್ತದೆ. ದಕ್ಷಿಣಕ್ಕೆ ವಲಸೆ ಹೊರಟ ಬೇಟೆಹಕ್ಕಿಗಳು ಅದನ್ನೇ ನೆಚ್ಚಿ, ಹೆಚ್ಚು ರೆಕ್ಕೆ ಬಡಿಯದೆ ಸಾಲಿನ ಗುಂಟ ತೇಲುತ್ತವೆ. ಇಲ್ಲಿನ ಗಿಡುಗನ ಬೆಟ್ಟದ ನೆತ್ತಿಯ ಬಂಡೆಯ ಮೇಲಿದ್ದವರಿಗೆ ಎಷ್ಟೋ ಸಲ ಕಣ್ಣಿನ ಮಟ್ಟದಲ್ಲೇ ಸಿಗುತ್ತವೆ. ಇದನ್ನು ಮೊದಲು ಬಳಸಿಕೊಂಡವರು ಕೋವಿಯವರು. 1929ರಿಂದ ಸರ್ಕಾರವೇ ಒಂದು ಗಾಸ್‌ಹಾಕ್ ಗಿಡುಗಕ್ಕೆ 5 ಡಾಲರ್ ಇನಾಮು ಕೊಡುತ್ತಿತ್ತು. ಗುಂಡಿಗೆ ಮಾತ್ರ ಜಾತಿಭೇದವಿರಲಿಲ್ಲ. ಸತ್ತ ಹಕ್ಕಿಗಳನ್ನು ಸಾಲಾಗಿ ಜೋಡಿಸಿ ಪಕ್ಷಿಪ್ರೇಮಿ ರಿಚರ್ಡ್ ಪೋ 1932ರಲ್ಲಿ ತೆಗೆದ ಫೋಟೋಗಳು ನ್ಯೂಯಾರ್ಕಿನ ಸಂರಕ್ಷಣಾ ಹೋರಾಟಗಾರ್ತಿ ರೊಸಾಲಿ ಎಡ್ಜ್ ಅವರ ಮನಸ್ಸನ್ನು ಕಲಕಿದವು. 1934ರಲ್ಲಿ ಅವರು ಆ ಬೆಟ್ಟದ ಸುಮಾರು 1,400 ಎಕರೆ ಗುತ್ತಿಗೆಗೆ ಹಿಡಿದು ಮಾರಿಸ್ ಬ್ರೌನ್, ಇರ್ಮಾ ದಂಪತಿಯನ್ನು ಕಾವಲಿಗಿಟ್ಟರು. ಕಾಯುತ್ತಲೇ ಬ್ರೌನ್ ಎಣಿಸತೊಡಗಿದರು. ಮೊದಲ ಹಂಗಾಮಿನಲ್ಲೇ ಲೆಕ್ಕ ಹತ್ತು ಸಾವಿರ ದಾಟಿತು.

ಈ ಬೆಟ್ಟದ ಕಥೆಯನ್ನು ಸಾಮಾನ್ಯವಾಗಿ ಹಕ್ಕಿಗಳನ್ನು ಉಳಿಸಿದ ಕಥೆಯೆಂದೇ ಹೇಳುತ್ತಾರೆ. ನನ್ನ ಮಟ್ಟಿಗೆ ಕಾವಲಿಗಿಂತ ದೊಡ್ಡ ಕೆಲಸ ಮಾಡಿದ್ದು ಆ ಎಣಿಕೆಯ ಪಟ್ಟಿ. ಬಂದೂಕು ನಿಲ್ಲಿಸಿದ್ದರಿಂದ ಒಂದು ಬೆಟ್ಟ ಸುರಕ್ಷಿತವಾಯಿತು, ಅಷ್ಟೇ. ಗಾಸ್‌ಹಾಕ್ ಮೇಲಿನ ಇನಾಮು ಆಮೇಲೂ ಬಹುಕಾಲ ಉಳಿದಿತ್ತು. ಪಟ್ಟಿಯಾದರೋ ಎರಡನೇ ಮಹಾಯುದ್ಧದ ಮೂರು ವರ್ಷ ಬಿಟ್ಟು ಪ್ರತಿ ವರ್ಷ ಬೆಳೆಯಿತು. ಗಾಳಿ ತಿರುಗಿದರೆ ಹಕ್ಕಿಗಳ ದಾರಿಯೂ ತಿರುಗುತ್ತದೆ, ನೋಡುವವರ ಕಣ್ಣು ದುರ್ಬೀನು ಬದಲಾಗುತ್ತವೆ, ಇಂಥ ಅಂಕಿಗಳನ್ನು ನಂಬುವುದು ಹೇಗೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಒಟ್ಟು ಸಂಖ್ಯೆಯ ಮಟ್ಟಿಗೆ ಅದು ನಿಲ್ಲುತ್ತದೆ. ಆದರೆ ಬ್ರೌನ್ ಬಿಳಿತಲೆ ಹದ್ದುಗಳಲ್ಲಿ ಎಳೆಯವನ್ನೂ ಬೆಳೆದವನ್ನೂ ಬೇರೆ ಬೇರೆ ಬರೆದಿಟ್ಟಿದ್ದರು. ಎಳೆಯ ಹದ್ದಿನ ತಲೆ ಇನ್ನೂ ಕಂದು, ಹಾಗಾಗಿ ಗುರುತು ಸುಲಭ. ಗಾಳಿ ಕೈಕೊಟ್ಟರೆ ಎರಡೂ ಕಡಿಮೆಯಾಗಬೇಕು. ಆಗಿದ್ದು ಬೇರೆ: 1935ರಿಂದ 1939ರವರೆಗೆ ಕಂಡ ಹದ್ದುಗಳಲ್ಲಿ ಶೇ. 40ರಷ್ಟು ಎಳೆಯವು, 1955ರಿಂದ 1959ರವರೆಗೆ ಶೇ. 20, 1957ರಲ್ಲಂತೂ 32 ದೊಡ್ಡ ಹದ್ದುಗಳಿಗೆ ಒಂದೇ ಮರಿ.

ಎಳೆಯವು ಬೇರೆ ದಾರಿ ಹಿಡಿದಿರಬಹುದಲ್ಲ ಎನ್ನಬಹುದು. ಅದಕ್ಕೆ ಉತ್ತರ ಫ್ಲಾರಿಡಾದಲ್ಲಿತ್ತು. ಅಲ್ಲಿ ಮರಿಹದ್ದುಗಳ ಕಾಲಿಗೆ ಉಂಗುರ ತೊಡಿಸುತ್ತಿದ್ದ ನಿವೃತ್ತ ಬ್ಯಾಂಕ್ ಅಧಿಕಾರಿ ಚಾರ್ಲ್ಸ್ ಬ್ರೋಲಿ ಅವರಿಗೆ 1947ರಿಂದೀಚೆಗೆ ಮರಿಯಿಲ್ಲದ ಗೂಡುಗಳೇ ಹೆಚ್ಚುಹೆಚ್ಚು ಸಿಗತೊಡಗಿದ್ದವು. ಲೇಖಕಿ ರೇಚಲ್ ಕಾರ್ಸನ್ 1962ರ ‘ಸೈಲೆಂಟ್ ಸ್ಪ್ರಿಂಗ್’ ಪುಸ್ತಕದಲ್ಲಿ ಎರಡನ್ನೂ ಅಕ್ಕಪಕ್ಕ ಇಟ್ಟು ಡಿಡಿಟಿ ಕೀಟನಾಶಕದತ್ತ ಬೆರಳು ತೋರಿಸಿದರು, ಹತ್ತು ವರ್ಷದ ಮೇಲೆ ಅಮೆರಿಕದಲ್ಲಿ ಅದರ ಬಳಕೆಗೆ ಬಹುಮಟ್ಟಿಗೆ ನಿಷೇಧ ಬಂತು. ಹಾಗೆಂದು ಬೆಟ್ಟದ ಅಂಕಿ ಒಂಟಿಯಾಗಿ ಎಲ್ಲವನ್ನೂ ಹೇಳೀತೆಂದಲ್ಲ. ಚಳಿ ಕಡಿಮೆಯಾದಂತೆ ಕೆಂಪುಬಾಲದ ಗಿಡುಗದಂಥವು ಉತ್ತರದಲ್ಲೇ ಉಳಿದುಬಿಡುತ್ತಿವೆ. ಬಂಡೆಯ ಮೇಲಿನವರಿಗೆ ಅದು ಇಳಿಕೆಯಾಗಿಯೇ ಕಾಣುತ್ತದೆ. ಆದ್ದರಿಂದಲೇ ಈಗ ವಲಸೆಯ ಪಟ್ಟಿಯನ್ನು ಚಳಿಗಾಲದ ಎಣಿಕೆಯ ಜೊತೆ ತಾಳೆ ನೋಡುತ್ತಾರೆ.