ದತ್ತಕದ ಕಾಗದ: ಕಿತ್ತೂರಿನಿಂದ ನಮ್ಮ ಕಾಲದವರೆಗೆ

ನಮ್ಮ ನೇಸರಿ ಎಂದೊಡನೆ ಜನರಿಗೆ ನೆನಪಾಗುವುದು 1674ರಲ್ಲಿ ಪ್ರತಾಪರಾವ ಗುಜರರು ಆರು ಜನ ಸವಾರರೊಡನೆ ವೈರಿಯ ಸೈನ್ಯದೊಳಗೆ ನುಗ್ಗಿ ಮಡಿದ ಪ್ರಸಂಗ. ಗಡಿನಾಡಿನವರಾದ ನಮಗೆ ಇತಿಹಾಸವೆಂದರೆ ಕತ್ತಿ, ಕುದುರೆ, ಕೋಟೆ. ವರ್ಗದಲ್ಲಿ ನಾವೂ ಅದನ್ನೇ ಹೆಚ್ಚಾಗಿ ಹೇಳುತ್ತೇವೆ, ಮಕ್ಕಳೂ ಅದನ್ನೇ ಕಿವಿಗೊಟ್ಟು ಕೇಳುತ್ತಾರೆ. ಆದರೆ ನಮ್ಮ ಭಾಗದ ಇತಿಹಾಸದಲ್ಲಿ ಕತ್ತಿಯಷ್ಟೇ ಕೆಲಸ ಮಾಡಿದ ಇನ್ನೊಂದು ವಸ್ತುವಿದೆ. ಅದು ದತ್ತಕದ ಕಾಗದ. ಕಿತ್ತೂರು ಹೋದದ್ದು, ನರಗುಂದ ಹೋದದ್ದು, ಕೊಲ್ಲಾಪುರ ಉಳಿದದ್ದು, ಈ ಮೂರರ ಹಿಂದೆಯೂ ಒಂದು ದತ್ತಕದ ಪ್ರಶ್ನೆ ಇತ್ತು. ಇಂದು ಮಕ್ಕಳಿಲ್ಲದ ಸಾಮಾನ್ಯ ದಂಪತಿಗಳು ಸರಕಾರದ ಬಾಗಿಲಲ್ಲಿ ವರ್ಷಗಟ್ಟಲೆ ಕಾಯುವುದನ್ನು ಕಂಡಾಗ ಆ ಹಳೆಯ ಕಥೆಗಳನ್ನು ಮತ್ತೊಮ್ಮೆ ಓದಬೇಕೆನಿಸುತ್ತದೆ.

ಮೊದಲು ಹಿಂದಿನವರಿಗೆ ದತ್ತಕ ಯಾಕೆ ಬೇಕಾಗಿತ್ತು ಎಂಬುದನ್ನು ನೋಡೋಣ. ಹೊಲ, ವತನ, ಮನೆದೇವರ ಪೂಜೆ, ಹಿರಿಯರ ಶ್ರಾದ್ಧ ಇವೆಲ್ಲ ಮುಂದುವರಿಯಬೇಕಾದರೆ ಮನೆಯಲ್ಲಿ ಗಂಡುಮಗ ಇರಬೇಕೆಂಬುದು ಅಂದಿನ ನಂಬಿಕೆ. ಹೀಗಾಗಿ ದತ್ತಕವೆಂದರೆ ಗಂಡುಮಗುವಿನ ದತ್ತಕವೇ. ನಮ್ಮ ಮುಂಬಯಿ ಪ್ರಾಂತದ ಕಡೆ ರೂಢಿ ಸ್ವಲ್ಪ ಸಡಿಲವಾಗಿತ್ತು. ಗಂಡ ಬರೆದುಕೊಟ್ಟ ಅನುಮತಿ ಇಲ್ಲದಿದ್ದರೂ ವಿಧವೆ ಅವನಿಗಾಗಿ ದತ್ತು ತೆಗೆದುಕೊಳ್ಳಬಹುದಿತ್ತು. ಮದುವೆಯಾದ ಗಂಡಸನ್ನೂ ದತ್ತಕ ಕೊಡುತ್ತಿದ್ದರು. ಒಂದು ಮಾತು ಇಲ್ಲಿ ಸ್ಪಷ್ಟ. ಆಗ ಮನೆಗೆ ಮಗು ಬೇಕಾಗಿತ್ತು. ಮಗುವಿಗೆ ಮನೆ ಬೇಕು ಎಂಬ ವಿಚಾರ ಯಾರೂ ಮಾಡುತ್ತಿರಲಿಲ್ಲ.

ಈಗ ಕಿತ್ತೂರಿಗೆ ಬರೋಣ. ಕಿತ್ತೂರಿನ ದೇಸಾಯಿ ಮಲ್ಲಸರ್ಜ 1816ರಲ್ಲಿ ತೀರಿಕೊಂಡ. ಅವನ ನಂತರ ಹಿರಿಯ ರಾಣಿ ರುದ್ರಮ್ಮನ ಮಗ ಶಿವಲಿಂಗ ರುದ್ರಸರ್ಜ ಗಾದಿಗೆ ಬಂದ. ಅವನಿಗೂ ಸಂತಾನವಿರಲಿಲ್ಲ. 1824ರಲ್ಲಿ ಕಾಯಿಲೆ ಬಿದ್ದಾಗ ಮಾಸ್ತಮರಡಿಯ ಗೌಡರ ಮನೆಯ ಶಿವಲಿಂಗಪ್ಪನನ್ನು ದತ್ತು ತೆಗೆದುಕೊಂಡು, ಸೆಪ್ಟೆಂಬರಿನಲ್ಲಿ ಪ್ರಾಣಬಿಟ್ಟ. ಧಾರವಾಡದ ಕಲೆಕ್ಟರನಾಗಿದ್ದ ಥ್ಯಾಕರೆ ಈ ದತ್ತಕವನ್ನು ಒಪ್ಪಲಿಲ್ಲ. ಕಂಪನಿಯ ಅಪ್ಪಣೆ ಮೊದಲೇ ಪಡೆದಿಲ್ಲ, ಪತ್ರದ ಮೇಲಿನ ಸಹಿಯೂ ನಂಬುವಂತಿಲ್ಲ ಎಂಬುದು ಅವನ ಆಕ್ಷೇಪ. ಬೊಕ್ಕಸಕ್ಕೆ ಮುದ್ರೆ ಹಾಕಿಸಿದ. ಮುಂದಿನದನ್ನು ನಮ್ಮ ಮಕ್ಕಳೆಲ್ಲ ಬಲ್ಲರು. ಅಕ್ಟೋಬರ್ 23ರಂದು ಕೋಟೆಯ ಮುಂದೆ ಯುದ್ಧವಾಗಿ ಥ್ಯಾಕರೆ ಸತ್ತ. ಡಿಸೆಂಬರಿನಲ್ಲಿ ಕೋಟೆ ಕಂಪನಿಯ ಕೈಸೇರಿತು. ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡಳು. ಅದೇ ಶಿವಲಿಂಗಪ್ಪನನ್ನು ಗಾದಿಗೆ ತರಬೇಕೆಂದು ಬಂಡೆದ್ದ ಸಂಗೊಳ್ಳಿ ರಾಯಣ್ಣನನ್ನು 1831ರ ಜನವರಿಯಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು. ಒಬ್ಬ ಹುಡುಗನ ದತ್ತಕ ಮಂಜೂರಾಗದ್ದರಿಂದ ಇಷ್ಟೆಲ್ಲ ನಡೆಯಿತು. ಆ ಹುಡುಗನ ಮಾತು ಮಾತ್ರ ನಮ್ಮ ಪಾಠಗಳಲ್ಲಿ ಎಲ್ಲಿಯೂ ಬರುವುದಿಲ್ಲ!

ಡಾಲ್‌ಹೌಸಿಯ ಕಾಲದಲ್ಲಿ ಇದೇ ರೀತಿ ಒಂದು ನೀತಿಯಾಯಿತು. ದತ್ತುಮಗನನ್ನು ಒಪ್ಪದೆ ಸಂಸ್ಥಾನಗಳನ್ನು ಸೇರಿಸಿಕೊಳ್ಳತೊಡಗಿದರು. 1848ರಲ್ಲಿ ನಮ್ಮ ನೆರೆಯ ಸಾತಾರಾ ಮೊದಲು ಹೋಯಿತು. ನಂತರ ನಾಗಪುರ, ಝಾನ್ಸಿ. ನರಗುಂದದ ಬಾಬಾಸಾಹೇಬ ಭಾಸ್ಕರರಾವ ಭಾವೆಯವರಿಗೂ ದತ್ತಕದ ಅನುಮತಿ ಸಿಗಲಿಲ್ಲ. ಆ ಸಿಟ್ಟು 1858ರ ಮೇ 29ರಂದು ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ನನ ಕೊಲೆಯಲ್ಲಿ ಹೊರಬಿತ್ತು. ಎರಡು ವಾರದೊಳಗೆ, ಜೂನ್ 12ರಂದು, ಬಾಬಾಸಾಹೇಬರನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು.

1857ರ ಬಂಡಾಯದ ಪೆಟ್ಟು ತಿಂದ ಮೇಲೆ ಇಂಗ್ಲಿಷರು ಬುದ್ಧಿ ಕಲಿತರು. 1858ರಲ್ಲಿ ರಾಣಿಯ ಘೋಷಣೆ ಬಂತು. ಆಮೇಲೆ ಗವರ್ನರ್ ಜನರಲ್ ಕ್ಯಾನಿಂಗ್ ಸಂಸ್ಥಾನಿಕರಿಗೆ ದತ್ತಕದ ಸನದುಗಳನ್ನು ಕೊಟ್ಟನು. ಇದರ ಲಾಭ ನಮ್ಮ ಕೊಲ್ಲಾಪುರಕ್ಕೆ ಆಯಿತು. ಅಲ್ಲಿ ಇಪ್ಪತ್ತು ವರ್ಷದೊಳಗೆ ಮೂರು ದತ್ತಕಗಳಾದವು. 1866ರಲ್ಲಿ ಎರಡನೆಯ ರಾಜಾರಾಮ. ಅವರು 1870ರಲ್ಲಿ ಇಟಲಿಯ ಫ್ಲಾರೆನ್ಸ್‌ನಲ್ಲಿ ತೀರಿಕೊಂಡಾಗ 1871ರಲ್ಲಿ ನಾಲ್ಕನೆಯ ಶಿವಾಜಿ. ಅವರ ನಂತರ 1884ರ ಮಾರ್ಚ್ 17ರಂದು ಕಾಗಲದ ಘಾಟಗೆ ಮನೆತನದ ಯಶವಂತರಾವ ಎಂಬ ಹುಡುಗ. ಆಗ ಅವನಿಗೆ ಹತ್ತು ವರ್ಷವೂ ತುಂಬಿರಲಿಲ್ಲ. ಆ ಹುಡುಗನೇ ಮುಂದೆ ರಾಜರ್ಷಿ ಶಾಹೂ ಮಹಾರಾಜರಾದರು. 1902ರಲ್ಲಿ ಹಿಂದುಳಿದವರಿಗೆ ನೌಕರಿಯಲ್ಲಿ ಶೇಕಡಾ 50 ಜಾಗ ಕಾದಿರಿಸಿದವರು, 1917ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ ಮತ್ತು ಉಚಿತ ಮಾಡಿದವರು ಅವರೇ. ಗಡಹಿಂಗ್ಲಜವೂ ಆಗ ಕೊಲ್ಲಾಪುರ ಸಂಸ್ಥಾನದಲ್ಲಿತ್ತು. ಬೇರೆ ಮನೆಯಿಂದ ಬಂದ ಒಂದು ಮಗು ನಮ್ಮ ಅಜ್ಜ ಮುತ್ತಜ್ಜರಿಗೆ ಶಾಲೆಯ ಬಾಗಿಲು ತೆರೆಯಿತು. ಥ್ಯಾಕರೆಯಂಥ ಅಧಿಕಾರಿಯೊಬ್ಬ 1884ರಲ್ಲಿ ಕೊಲ್ಲಾಪುರದಲ್ಲಿ ಕುಳಿತಿದ್ದರೆ ಏನಾಗುತ್ತಿತ್ತು ಎಂದು ವಿದ್ಯಾರ್ಥಿಗಳಿಗೆ ಕೇಳಿ ನೋಡಿರಿ.

ಇವೆಲ್ಲ ಅರಮನೆಯ ದತ್ತಕಗಳು. ಯಾರಿಗೂ ಬೇಡವಾದ ಮಗುವಿನ ಕಡೆಗೆ ನೋಡಿದವರು ಬೇರೆಯವರು. 1863ರಲ್ಲಿ ಜೋತಿಬಾ ಮತ್ತು ಸಾವಿತ್ರಿಬಾಯಿ ಫುಲೆ ದಂಪತಿಗಳು ಪುಣೆಯ ತಮ್ಮ ಮನೆಯಲ್ಲಿಯೇ ಬಾಲಹತ್ಯಾ ಪ್ರತಿಬಂಧಕ ಗೃಹ ತೆರೆದರು. ಬಸಿರಾದ ವಿಧವೆಯರು ಅಲ್ಲಿ ಗುಟ್ಟಾಗಿ ಹೆರಿಗೆ ಮಾಡಿಸಿಕೊಂಡು ಹೋಗಬಹುದಿತ್ತು. ಹಾಗೆ ಬಂದ ಬ್ರಾಹ್ಮಣ ವಿಧವೆಯೊಬ್ಬಳ ಮಗ ಯಶವಂತನನ್ನು ಅವರು ತಮ್ಮ ಮಗನಾಗಿ ಮಾಡಿಕೊಂಡರು. ಜಾತಿ ನೋಡಲಿಲ್ಲ, ವತನ ಉಳಿಸುವ ಮಾತೂ ಇರಲಿಲ್ಲ. ಆ ಯಶವಂತ ಡಾಕ್ಟರನಾಗಿ 1897ರ ಪ್ಲೇಗಿನಲ್ಲಿ ರೋಗಿಗಳ ಸೇವೆ ಮಾಡಿದ. ಅದೇ ಪ್ಲೇಗಿಗೆ ಸಾವಿತ್ರಿಬಾಯಿ ಬಲಿಯಾದರು. ನಮ್ಮ ಊರುಗಳ ದಿಂಡಿ ಹೋಗುವ ಪಂಢರಪುರದಲ್ಲಿಯೂ 1875ರಲ್ಲಿ ಪ್ರಾರ್ಥನಾ ಸಮಾಜದವರು ಬಿಟ್ಟುಹೋದ ಕೂಸುಗಳಿಗಾಗಿ ಒಂದು ಬಾಲಕಾಶ್ರಮ ತೆರೆದರು. ಮಗುವಿಗೆ ಮನೆ ಬೇಕು ಎಂಬ ವಿಚಾರ ನಮ್ಮ ಕಡೆ ಹುಟ್ಟಿದ್ದು ಇಂಥಲ್ಲಿ.

ಕಾನೂನು ಈ ವಿಚಾರವನ್ನು ಹಿಡಿಯಲು ಬಹಳ ಕಾಲ ತೆಗೆದುಕೊಂಡಿತು. 1956ರ ನವೆಂಬರಿನಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗಿ ನಾವು ಈ ಕಡೆ ಉಳಿದೆವು. ಅದರ ಮುಂದಿನ ತಿಂಗಳೇ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯದೆ ಬಂತು. ಹೆಣ್ಣುಮಗುವನ್ನೂ ದತ್ತು ಪಡೆಯಬಹುದೆಂದು ಅದು ಹೇಳಿತು. ಆದರೆ ಅದು ಹೆಚ್ಚಾಗಿ ಮನೆಯಿಂದ ಮನೆಗೆ ಕೊಡುವ ಮಕ್ಕಳ ಕಾಯದೆ. ಮುಸ್ಲಿಂ, ಕ್ರೈಸ್ತ ದಂಪತಿಗಳಿಗೆ ಅದರಲ್ಲಿ ಜಾಗವಿರಲಿಲ್ಲ. ಅವರು 1890ರ ಕಾಯದೆಯಂತೆ ಬರೀ ಪಾಲಕರಾಗಬಹುದಿತ್ತು, ತಂದೆ ತಾಯಿ ಆಗುವಂತಿರಲಿಲ್ಲ. 1984ರಲ್ಲಿ ಲಕ್ಷ್ಮೀಕಾಂತ ಪಾಂಡೆ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು ಪರದೇಶಕ್ಕೆ ಮಕ್ಕಳನ್ನು ಕಳಿಸುವುದಕ್ಕೆ ಕಟ್ಟುನಿಟ್ಟು ಮಾಡಿತು. 1990ರಲ್ಲಿ ದಿಲ್ಲಿಯಲ್ಲಿ ಕೇಂದ್ರ ದತ್ತಕ ಸಂಸ್ಥೆ ‘ಕಾರಾ’ ಬಂತು. 2000ದ ಬಾಲನ್ಯಾಯ ಕಾಯದೆ ಅನಾಥ ಮತ್ತು ಬಿಟ್ಟುಹೋದ ಮಕ್ಕಳ ದತ್ತಕಕ್ಕೆ ದಾರಿ ಮಾಡಿತು. ಈ ಕಾಯದೆಯಂತೆ ಯಾವ ಧರ್ಮದವರೂ ದತ್ತು ಪಡೆಯಬಹುದೆಂದು 2014ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. 2015ರಿಂದ ಎಲ್ಲ ಹೆಸರುಗಳೂ ಕಂಪ್ಯೂಟರಿನ ಒಂದೇ ಸಾಲಿನಲ್ಲಿ ಬಂದವು.

ಈ ಸಾಲಿನಲ್ಲಿ ನಿಂತವರ ಕಷ್ಟವನ್ನು ಈಗ ಹೇಳಬೇಕು. ದಂಪತಿಗಳು ಹೆಸರು ನೋಂದಾಯಿಸಿದ ಮೇಲೆ ಸಮಾಜ ಕಾರ್ಯಕರ್ತರು ಮನೆಗೆ ಬಂದು ವರದಿ ಬರೆಯುತ್ತಾರೆ. ಆದಾಯ, ಆರೋಗ್ಯ, ಗಂಡಹೆಂಡಿರ ಹೊಂದಾಣಿಕೆ ಎಲ್ಲವನ್ನೂ ಕೇಳುತ್ತಾರೆ. ಕೇಳಬೇಕಾದದ್ದೇ. ಆ ವರದಿ ಮೂರು ವರ್ಷ ನಡೆಯುತ್ತದೆ. ಆದರೆ ಚಿಕ್ಕ ಕೂಸಿಗಾಗಿ ಕಾಯುವ ಕಾಲವೇ ಮೂರು ವರ್ಷ ದಾಟಿದೆ! ಎಂದರೆ ಮಗು ಬರುವ ಮೊದಲೇ ವರದಿ ಹಳತಾಗುತ್ತದೆ. ಮಗುವಿನ ವಿವರ ಬಂದಾಗ ಮಾತ್ರ ಒಪ್ಪಿಗೆಗೆ 48 ಗಂಟೆ. ದೇಶದಲ್ಲಿ ಸಾಲಿನಲ್ಲಿರುವವರು 30 ಸಾವಿರಕ್ಕೂ ಹೆಚ್ಚು. ಕಾನೂನಿನ ಪ್ರಕಾರ ದತ್ತಕಕ್ಕೆ ಸಿದ್ಧವಾದ ಮಕ್ಕಳು ಮೂರು ಸಾವಿರಕ್ಕಿಂತ ಕಡಿಮೆ. 2024-25ರಲ್ಲಿ ಆದ ದತ್ತಕಗಳು 4,515. ಹಿಂದಿನ ಹಲವು ವರ್ಷಗಳಿಗಿಂತ ಇದೇ ಹೆಚ್ಚು.

ಹಾಗಾದರೆ ಅನಾಥ ಮಕ್ಕಳೇ ಕಡಿಮೆಯೇ? ಹಾಗಿಲ್ಲ. ಬಾಲಗೃಹಗಳಲ್ಲಿ ಬೆಳೆಯುವ ಮಕ್ಕಳು ಬಹಳ. ಆದರೆ ಮಗುವಿಗೆ ಯಾರೂ ಇಲ್ಲವೆಂದು ಬಾಲ ಕಲ್ಯಾಣ ಸಮಿತಿ ವಿಚಾರಣೆ ಮಾಡಿ ಬರೆದುಕೊಟ್ಟ ಹೊರತು ಅದರ ಹೆಸರು ಸಾಲಿಗೆ ಬರುವುದಿಲ್ಲ. ಬಿಟ್ಟುಹೋದ ಕೂಸು ಎರಡು ವರ್ಷದೊಳಗಿನದಾದರೆ ಎರಡು ತಿಂಗಳು, ದೊಡ್ಡದಾದರೆ ನಾಲ್ಕು ತಿಂಗಳು ಎಂದು ಕಾಯದೆ ಅವಧಿ ಹಾಕಿದೆ. ತಾಯಿ ತಾನೇ ಒಪ್ಪಿಸಿದರೆ ಮನಸ್ಸು ಬದಲಿಸಲು ಅವಳಿಗೆ 60 ದಿನ ಕೊಡುತ್ತದೆ. ಇದು ನ್ಯಾಯವಾದದ್ದು. ಬಡತನದಿಂದ ಬಿಟ್ಟ ಮಗುವನ್ನು ಹಡೆದವ್ವನಿಂದ ಅವಸರದಲ್ಲಿ ಕಿತ್ತುಕೊಳ್ಳಬಾರದು. ಆದರೆ ವರ್ಷಕ್ಕೊಮ್ಮೆ ಎಲ್ಲೋ ಒಬ್ಬ ಸಂಬಂಧಿ ಬಂದು ಮುಖ ನೋಡಿ ಹೋಗುವ ಮಗು ಅತ್ತ ಮನೆಗೂ ಹೋಗದೆ ಇತ್ತ ಸಾಲಿಗೂ ಬಾರದೆ ಹಾಗೆಯೇ ದೊಡ್ಡದಾಗುತ್ತದೆ. ಆರೇಳು ವರ್ಷ ದಾಟಿತೆಂದರೆ ಕೇಳುವವರು ಕಡಿಮೆ. ಎಲ್ಲರಿಗೂ ಕೂಸೇ ಬೇಕು. ಅಣ್ಣ ತಂಗಿ ಜೊತೆಗಿದ್ದರೆ, ಅಂಗವೈಕಲ್ಯವಿದ್ದರೆ ಇನ್ನೂ ಕಷ್ಟ. ದೊಡ್ಡವರಿಗೆ ಒಂದು ವರ್ಷ ತಡವಾದರೆ ಒಂದು ವರ್ಷ ತಡ, ಅಷ್ಟೇ. ಮಗುವಿಗೆ ಒಂದು ವರ್ಷವೆಂದರೆ ಒಂದು ಇಯತ್ತೆ ಎಂಬುದನ್ನು ಶಿಕ್ಷಕರಾದ ನಾವು ಚೆನ್ನಾಗಿ ಬಲ್ಲೆವು.

ಕೊನೆಯ ಆದೇಶದ ವಿಷಯವನ್ನೂ ನೋಡಿರಿ. ಮೊದಲು ದತ್ತಕದ ಆದೇಶವನ್ನು ನ್ಯಾಯಾಲಯ ಕೊಡುತ್ತಿತ್ತು. ಎರಡು ತಿಂಗಳಲ್ಲಿ ಮುಗಿಯಬೇಕೆಂದಿದ್ದರೂ ಎಷ್ಟೋ ಪ್ರಕರಣ ಉಳಿದವು. ಆದ್ದರಿಂದ 2021ರಲ್ಲಿ ಕಾಯದೆ ತಿದ್ದಿ, 2022ರ ಸೆಪ್ಟೆಂಬರ್ 1ರಿಂದ ಈ ಅಧಿಕಾರವನ್ನು ಜಿಲ್ಲಾಧಿಕಾರಿಗೆ ಕೊಟ್ಟರು. ಬಾಕಿ ಪ್ರಕರಣಗಳ ವರ್ಗಾವಣೆಗೆ ಬಾಂಬೆ ಹೈಕೋರ್ಟು 2023ರ ಜನವರಿಯಲ್ಲಿ ತಡೆ ಹಾಕಿತು. ಈ ಜಗ್ಗಾಟದಲ್ಲಿ ಕಾದವರು ಮಕ್ಕಳು. ಇತಿಹಾಸ ಓದಿದವರಿಗೆ ಒಂದು ವಿಚಿತ್ರ ಕಾಣದೆ ಇರದು. 1824ರಲ್ಲಿ ದತ್ತಕ ತಳ್ಳಿಹಾಕಿದವನೂ ಕಲೆಕ್ಟರನೇ. ಸುಮಾರು ಇನ್ನೂರು ವರ್ಷದ ಮೇಲೆ ಕಾಗದ ಮತ್ತೆ ಕಲೆಕ್ಟರರ ಮೇಜಿಗೇ ಬಂತು. ಆಗ ಅವನು ಕಂಪನಿಯ ಲಾಭ ನೋಡಿದ. ಈಗ ಮಗುವಿನ ಹಿತವನ್ನೇ ನೋಡಬೇಕೆಂದು ಕಾಯದೆ ಹೇಳುತ್ತದೆ. ಬದಲಾವಣೆ ದೊಡ್ಡದು. ಆದರೆ ಕಾಗದ ಮೇಜಿನ ಮೇಲೆ ಮಲಗಿದರೆ ಆ ಹಿತ ಮಗುವಿಗೆ ಮುಟ್ಟುವುದಿಲ್ಲ.

ದತ್ತಕವಲ್ಲದ ಇನ್ನೊಂದು ದಾರಿಯೂ ಇದೆ. ಮಗುವನ್ನು ಮನೆಯಲ್ಲಿಟ್ಟು ಸಾಕುವುದು, ಮರಾಠಿಯಲ್ಲಿ ಹೇಳುವಂತೆ ಬಾಲಸಂಗೋಪನ. ನಮ್ಮ ರಾಜ್ಯದ ಈ ಯೋಜನೆಗೆ ಈಗ ಸಾವಿತ್ರಿಬಾಯಿ ಫುಲೆಯವರ ಹೆಸರಿದೆ. ತಿಂಗಳಿಗೆ 1,100 ಇದ್ದ ಸಹಾಯಧನವನ್ನು 2023ರಲ್ಲಿ 2,250 ರೂಪಾಯಿಗೆ ಏರಿಸಿದರು. ತಂದೆ ಇಲ್ಲದ, ಅಜ್ಜಿಯ ಮನೆಯಲ್ಲಿರುವ ಎಷ್ಟೋ ಮಕ್ಕಳಿಗೆ ಇದು ಆಧಾರ. ಇನ್ನು ಪರಕೀಯ ಮಗುವನ್ನು ಹೀಗೆ ಸಾಕಿದವರು ಮೊದಲು ಐದು ವರ್ಷವಾದ ಮೇಲೆ ಅದನ್ನು ದತ್ತು ಕೇಳಬಹುದಿತ್ತು. 2024ರ ಮಾರ್ಗಸೂಚಿ ಅದನ್ನು ಎರಡು ವರ್ಷಕ್ಕೆ ಇಳಿಸಿತು. ದೊಡ್ಡ ಮಕ್ಕಳಿಗೆ ಇದು ಒಳ್ಳೆಯ ದಾರಿ. ಆದರೆ ಆ ಎರಡು ವರ್ಷ ಮಗು ನಮ್ಮದಾಗುತ್ತದೋ ಇಲ್ಲವೋ ಎಂಬ ಅಂಜಿಕೆ ಸಾಕಿದವರಿಗೆ ಇದ್ದೇ ಇರುತ್ತದೆ. ಮಗುವಿಗೂ ಇರುತ್ತದೆ.

ಇನ್ನು ನಮ್ಮ ಶಾಲೆಗಳ ಮಾತು. ನಮ್ಮ ಕಡೆ ಅಣ್ಣನ ಮಗನನ್ನು ತಮ್ಮ, ಅಕ್ಕನ ಮಗಳನ್ನು ತಂಗಿ ಸಾಕಿಕೊಳ್ಳುವುದು ಬಹಳ. ಹಿರಿಯರು ಕೂಡಿ, ಪೂಜೆ ಮಾಡಿ, ಉಡಿಯಲ್ಲಿ ಹಾಕಿದರೆ ಮುಗಿಯಿತು ಎಂದುಕೊಳ್ಳುತ್ತಾರೆ. ಶಾಲೆಯ ಜನರಲ್ ರಜಿಸ್ಟರಿನಲ್ಲಿ ಹಡೆದ ತಂದೆಯ ಹೆಸರು, ಆಧಾರಿನಲ್ಲಿ ಸಾಕಿದ ತಂದೆಯ ಹೆಸರು. ಹತ್ತನೇ ಇಯತ್ತೆಯ ಫಾರ್ಮ್ ತುಂಬುವಾಗ, ಜಾತಿ ದಾಖಲೆ ತೆಗೆಯುವಾಗ, ಸಾತಬಾರಾ ಉತಾರೆಗೆ ಹೆಸರು ಹಚ್ಚುವಾಗ ತೊಡಕು ಏಳುತ್ತದೆ. ಹೀಗಾಗಬಾರದೆಂದರೆ ಮಗುವಿಗೆ 15 ತುಂಬುವುದರೊಳಗೆ ಸಬ್ ರಜಿಸ್ಟ್ರಾರರಲ್ಲಿ ದತ್ತಕಪತ್ರ ನೋಂದಾಯಿಸಬೇಕು. ಕಾಯದೆಪ್ರಕಾರ ಆದ ದತ್ತಕವನ್ನು ಆಮೇಲೆ ಯಾರೂ ರದ್ದು ಮಾಡಲಾರರು. ಇನ್ನು ಸರಕಾರದ ಸಾಲಿಗೆ ಬೇಸತ್ತು ದವಾಖಾನೆಯಿಂದ ನೇರವಾಗಿ ಕೂಸು ತರಿಸಿಕೊಡುತ್ತೇವೆ ಎನ್ನುವವರ ಮಾತು ಕೇಳಲೇಬಾರದು. ಬಾಲನ್ಯಾಯ ಕಾಯದೆಯಂತೆ ಅದಕ್ಕೆ ಮೂರು ವರ್ಷದವರೆಗೆ ಶಿಕ್ಷೆ ಇದೆ. ಮಗುವನ್ನು ಮಾರಿದರೆ, ಕೊಂಡರೆ ಐದು ವರ್ಷದವರೆಗೆ. ಪೋಲೀಸರು ಬಂದ ದಿನ ಆ ಕೂಸು ಎರಡನೆಯ ಸಲ ಅನಾಥವಾಗುತ್ತದೆ. ಬಿಟ್ಟುಹೋದ ಮಗು ಕಂಡರೆ 1098ಕ್ಕೆ ಫೋನು ಮಾಡಬೇಕು.

ಕಾಗದದ ಕೆಲಸ ಸರಕಾರದ್ದು. ನಮ್ಮ ಕೈಯಲ್ಲಿರುವುದೂ ಒಂದಿದೆ. ದತ್ತುಮಗು ಶಾಲೆಗೆ ಬಂದಾಗ ನಿಜವಾಗಿ ಯಾರ ಮಗು, ಯಾವ ಜಾತಿ ಎಂದು ವರಾಂಡದಲ್ಲಿ ನಿಂತು ಕೇಳದಿರುವುದು. ಪಾಲಕರ ಸಭೆಯಲ್ಲಿ ಸಾಕಿದ ತಾಯಿಯನ್ನು ತಾಯಿ ಎಂದೇ ಕರೆಯುವುದು. ಶಾಹೂ ಮಹಾರಾಜರ ಪಾಠ ಮಾಡುವಾಗ ಅವರು ದತ್ತುಮಗ ಎಂಬುದನ್ನು ಒಂದು ಸಲ ಗಟ್ಟಿಯಾಗಿ ಹೇಳೋಣ. ವರ್ಗದಲ್ಲಿ ಅಂಥ ಮಗು ಇದ್ದರೆ ಅದು ತಲೆಯೆತ್ತಿ ಕೇಳುತ್ತದೆ.

ನಮ್ಮ ಭಾಗದ ಹಳೆಯ ಮನೆಗಳ ಪೆಟ್ಟಿಗೆಗಳಲ್ಲಿ ಮೋಡಿ ಲಿಪಿಯ ದತ್ತಕಪತ್ರಗಳು ಇನ್ನೂ ಇವೆ. ತಮ್ಮಲ್ಲಿ ಇದ್ದರೆ ಗೆದ್ದಲಿಗೆ ಕೊಡಬೇಡಿರಿ. ಓದಬಲ್ಲವರಿಂದ ಓದಿಸಿ, ಮಕ್ಕಳಿಗೂ ತೋರಿಸಿರಿ.